ಪೇಡಾ ಕಂದು ಬಣ್ಣಕ್ಕೆ ತಿರುಗಿದರೆ ಕೆಮಿಕಲ್ ಹಾಕಿದ ಹಾಗಾ?

ಓದುಗರ ಪ್ರಶ್ನೆ:

ಮೇಡಂ, ನಾವು ಗದಗಿನವರು. ಮಗಳು ಒಂಬತ್ತನೇ ತರಗತಿ. ವಿಜ್ಞಾನದ ಕಿರುಪರೀಕ್ಷೆಯಲ್ಲಿ ಕೆಲವು ಬದಲಾವಣೆಗಳನ್ನು ಕೊಟ್ಟು, ಭೌತವೋ ರಾಸಾಯನಿಕವೋ ಬರೆಯಿರಿ ಎಂದು ಕೇಳಿದ್ದರು. ಅವಳ ನೋಟ್ಸ್‌ನಲ್ಲಿ "ಹಿಂದಕ್ಕೆ ತರಬಹುದಾದದ್ದು ಭೌತ, ತರಲಾಗದ್ದು ರಾಸಾಯನಿಕ" ಎಂದಿದೆ. ಅದರಂತೆ ಕಟ್ಟಿಗೆ ಸೀಳುವುದು ರಾಸಾಯನಿಕ, ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವುದು ಭೌತ, ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವುದು ರಾಸಾಯನಿಕ ಎಂದು ಬರೆದಳು. ಮೂರಕ್ಕೂ ತಪ್ಪು ಹಾಕಿದ್ದಾರೆ. ನೋಟ್ಸ್ ಪ್ರಕಾರವೇ ಬರೆದರೆ ಹೀಗ್ಯಾಕೆ ಎಂದು ಅಳುತ್ತಾಳೆ. ಹೋಗಿ ಅಂಕ ಕೇಳಬೇಕೇ? ಇನ್ನೊಂದು ತಾಪತ್ರಯ. ನಮ್ಮದು ಸಣ್ಣ ಮಿಠಾಯಿ ಅಂಗಡಿ. ಪೇಡಾ ಕಂದಾಗುವುದು ರಾಸಾಯನಿಕ ಬದಲಾವಣೆ ಎಂದು ಮಗಳು ಅಂದಿದ್ದಕ್ಕೆ ನಮ್ಮ ಮಾವನವರು, "ನಮ್ಮ ಪೇಡಾದಾಗ ಯಾವ ಕೆಮಿಕಲ್ಲೂ ಹಾಕೂದಿಲ್ಲ, ಹಂಗ ಹೊರಗ ಹೇಳಬ್ಯಾಡ" ಎಂದು ಸಿಟ್ಟಾದರು. ಅವಳು ಹೇಳಿದ್ದು ಸರಿಯೇ? ಭೌತ ಗುಣ, ರಾಸಾಯನಿಕ ಗುಣ ಎಂಬುದರಲ್ಲೂ ಗೊಂದಲವಿದೆ. ಗ್ಯಾಸಿನ ವಾಸನೆ ಯಾವುದಕ್ಕೆ ಸೇರುತ್ತದೆ? ಮನೆಯಲ್ಲೇ ಏನಾದರೂ ಮಾಡಿ ತೋರಿಸಬಹುದೇ?

ಉತ್ತರ:

ಮೂರರಲ್ಲಿ ಎರಡು ಉತ್ತರ ನಿಜಕ್ಕೂ ತಪ್ಪು. ರೊಟ್ಟಿ ಹಿಟ್ಟಿನದು ಮಾತ್ರ ಚರ್ಚೆ ಮಾಡಬಹುದಾದದ್ದು. ಆದರೆ ಮಗಳಿಗೆ ಬೈಯಬೇಡಿ. ಕೊಟ್ಟ ನಿಯಮವನ್ನು ಅವಳು ನಿಯತ್ತಾಗಿ ಬಳಸಿದ್ದಾಳೆ, ನಿಯಮವೇ ಕೈಕೊಟ್ಟಿದೆ. ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಹೊಸದಾಗಿ ಬರುವ ಪ್ರತಿ ಬ್ಯಾಚೂ ಈ ಸಾಲನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತದೆ. ಪಠ್ಯಪುಸ್ತಕದಲ್ಲಿ "ಸಾಮಾನ್ಯವಾಗಿ" ಹಿಂದಕ್ಕೆ ತರಬಹುದು ಎಂದಿರುತ್ತದೆ. ನೋಟ್ಸ್‌ಗೆ ಇಳಿಯುವಾಗ ಆ "ಸಾಮಾನ್ಯವಾಗಿ" ಉದುರಿ ಹೋಗುತ್ತದೆ. ಉಳಿದದ್ದು ಕಬ್ಬಿಣದ ಕಾನೂನಿನ ಹಾಗೆ ಮಕ್ಕಳ ತಲೆಯಲ್ಲಿ ಕೂರುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬದಲಾವಣೆ ಆದ ಮೇಲೆ ಹೊಸ ವಸ್ತು ಹುಟ್ಟಿತಾ, ಹಳೆಯದೇ ಬೇರೆ ರೂಪದಲ್ಲಿ ಕೂತಿದೆಯಾ? ಹೊಸ ವಸ್ತು ಹುಟ್ಟಿದ್ದರೆ ರಾಸಾಯನಿಕ, ಇಲ್ಲದಿದ್ದರೆ ಭೌತ. ಹಿಂದಕ್ಕೆ ಬರುತ್ತದೋ ಇಲ್ಲವೋ ಎಂಬುದು ಇನ್ನೊಂದು ಪ್ರಶ್ನೆ. ಎರಡರ ಉತ್ತರವೂ ಎಷ್ಟೋ ಸಲ ಒಂದೇ ಆಗಿಬಿಡುತ್ತದೆ, ಅದಕ್ಕೇ ಈ ಗೊಂದಲ.

ಕಟ್ಟಿಗೆಯನ್ನೇ ನೋಡಿ. ಸೀಳಿದ್ದು ಕೂಡುವುದಿಲ್ಲ, ನಿಜ. ಆದರೆ ಸೀಳಿದ ತುಂಡೂ ಕಟ್ಟಿಗೆಯೇ ಅಲ್ವಾ? ನಿಮ್ಮ ಊರಿನ ಪಕ್ಕದ ಲಕ್ಕುಂಡಿಗೆ ಹೋದಾಗ ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಚೌಕಟ್ಟನ್ನು ಮಗಳಿಗೆ ತೋರಿಸಿ. ಹನ್ನೊಂದನೇ ಶತಮಾನದಲ್ಲಿ ಶಿಲ್ಪಿ ಉಳಿಯಿಂದ ಎಬ್ಬಿಸಿದ ಚೂರುಗಳನ್ನು ಯಾರೂ ವಾಪಸ್ ಅಂಟಿಸಲಾರರು. ಆದರೂ ಬಿದ್ದ ಚೂರೂ ಬಳಪದ ಕಲ್ಲು, ಗೋಡೆಯಲ್ಲಿ ಉಳಿದದ್ದೂ ಬಳಪದ ಕಲ್ಲು. ಹಿಂದಕ್ಕೆ ಬಾರದ ಭೌತ ಬದಲಾವಣೆ ಅಂದರೆ ಇದು. ಅದೇ ಕಟ್ಟಿಗೆಯನ್ನು ಒಲೆಗೆ ಇಟ್ಟರೆ ಬೂದಿ, ನೀರಾವಿ, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅಲ್ಲಿ ಕಟ್ಟಿಗೆ ಉಳಿಯುವುದಿಲ್ಲ.

ಬ್ಯಾಟರಿ ಇದಕ್ಕೆ ಉಲ್ಟಾ. ಇನ್ವರ್ಟರ್‌ನ ಸೀಸದ ಬ್ಯಾಟರಿಯೊಳಗೆ ಒಂದು ಕಡೆ ಸೀಸದ ಫಲಕ, ಇನ್ನೊಂದು ಕಡೆ ಸೀಸದ ಡೈಆಕ್ಸೈಡಿನ ಫಲಕ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಕರೆಂಟ್ ಹೋದಾಗ ಫ್ಯಾನು ತಿರುಗುತ್ತದಲ್ಲ, ಆಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಹೊಸ ವಸ್ತು ಕಟ್ಟುತ್ತಾ ಹೋಗುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಆ ಸಲ್ಫೇಟ್ ಒಡೆದು ಮತ್ತೆ ಸೀಸ, ಸೀಸದ ಡೈಆಕ್ಸೈಡ್, ಆಮ್ಲ ಆಗುತ್ತದೆ. ಹೋಗುವಾಗಲೂ ರಾಸಾಯನಿಕ, ಬರುವಾಗಲೂ ರಾಸಾಯನಿಕ. ದಿನಾ ಹಿಂದೆ ಮುಂದೆ ಆಗುತ್ತದೆ ಎಂದ ಮಾತ್ರಕ್ಕೆ ಭೌತ ಆಗುವುದಿಲ್ಲ. (ಚಾರ್ಜ್ ಆಗುವಾಗ ಸ್ವಲ್ಪ ಹೈಡ್ರೋಜನ್ ಅನಿಲವೂ ಬರುತ್ತದೆ. ಇನ್ವರ್ಟರನ್ನು ದೇವರ ಮನೆಯ ದೀಪದ ಪಕ್ಕ, ಗಾಳಿಯಾಡದ ಮೂಲೆಯಲ್ಲಿ ಇಟ್ಟಿದ್ದರೆ ದಯವಿಟ್ಟು ಜಾಗ ಬದಲಿಸಿ.)

ಸುಣ್ಣದ್ದೂ ಇದೇ ಕಥೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳಿದ ಸುಣ್ಣ ಆಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಗಟ್ಟಿಯಾಗುತ್ತದೆ. ಭಟ್ಟಿಗೆ ಹಾಕಿದ ಕಲ್ಲಿನಲ್ಲಿ ಇದ್ದದ್ದೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ಪೂರ್ತಿ ಒಂದು ಸುತ್ತು ಬಂದು ಮೊದಲಿನ ಜಾಗಕ್ಕೇ ನಿಂತಿತು, ಆದರೂ ನಡುವಿನ ಮೂರೂ ಹೆಜ್ಜೆ ರಾಸಾಯನಿಕ.

ಒಳಗೆ ಏನಾಗುತ್ತದೆ ಎಂದು ತಿಳಿದರೆ ಬಾಯಿಪಾಠದ ಗರಜೇ ಇಲ್ಲ. ನೀರಿನ ಒಂದೊಂದು ಅಣುವಿನಲ್ಲೂ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಪರಮಾಣು ಗಟ್ಟಿಯಾಗಿ ಕೂಡಿಕೊಂಡಿವೆ. ಇದು ಅಣುವಿನ ಒಳಗಿನ ಬಂಧ. ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವ ಹಿಡಿತ ಬೇರೆ, ಅದು ಬಹಳ ಸಡಿಲ. ನೀರು ಕುದ್ದು ಆವಿಯಾದಾಗ ತಪ್ಪುವುದು ಈ ಸಡಿಲ ಹಿಡಿತ ಮಾತ್ರ. ಆವಿಯೊಳಗೂ ನೀರಿನ ಅಣುವೇ ಇದೆ. ನೀರಿಗೆ ವಿದ್ಯುತ್ ಹರಿಸಿ ಹೈಡ್ರೋಜನ್, ಆಕ್ಸಿಜನ್ ಬೇರೆ ಮಾಡಿದರೆ ಒಳಗಿನ ಬಂಧವೇ ಕಡಿಯಿತು. ಮೊದಲನೆಯದು ಭೌತ, ಎರಡನೆಯದು ರಾಸಾಯನಿಕ. ಯಾವುದರಲ್ಲೂ ಪರಮಾಣು ಹೊಸದಾಗಿ ಹುಟ್ಟುವುದಿಲ್ಲ, ಮಾಯವೂ ಆಗುವುದಿಲ್ಲ. ಯಾರು ಯಾರ ಜೊತೆ ಕೂಡಿಕೊಂಡಿದ್ದಾರೆ ಎಂಬುದಷ್ಟೇ ಬದಲಾಗುತ್ತದೆ.

ಈಗ ರೊಟ್ಟಿ ಹಿಟ್ಟಿಗೆ ಬರೋಣ. ಗೋಧಿಯಲ್ಲಿರುವಂಥ ಅಂಟು ಜೋಳದಲ್ಲಿಲ್ಲ. ಅದಕ್ಕೇ ತಣ್ಣೀರಿನಲ್ಲಿ ನಾದಿದರೆ ಬಡಿಯುವಾಗ ಒಡೆಯುತ್ತದೆ, ಎಸರು ಬೇಕೇ ಬೇಕು. ಬಿಸಿ ಸುಮಾರು 70 ಡಿಗ್ರಿ ದಾಟಿದಾಗ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಅಂಟಂಟಾಗುತ್ತವೆ. ಇಲ್ಲಿ ಪಿಷ್ಟದ ಅಣುಗಳ ನಡುವಿನ ಹಿಡಿತ ಸಡಿಲಾಗಿ ನೀರು ಒಳಗೆ ಸೇರಿಕೊಂಡಿತು. ಅಣು ಒಡೆದು ಇನ್ನೊಂದು ವಸ್ತು ಆಗಲಿಲ್ಲ. ಹೀಗೆ ನೋಡಿದರೆ ಭೌತ ಎನ್ನಬೇಕು, ಟೀಚರ್ ಹೇಳಿದ್ದು ಅದೇ. ಆದರೆ ಕಣದ ಒಳಗಿನ ಜೋಡಣೆ ಪೂರ್ತಿ ಕೆಟ್ಟಿದೆ, ಅದು ಮೊದಲಿನ ಹಾಗೆ ಆಗುವುದಿಲ್ಲ. ಆದ್ದರಿಂದ ಇದನ್ನು ಎರಡರ ನಡುವಿನ ಗಡಿಯಲ್ಲಿ ಇಡುವವರೂ ಇದ್ದಾರೆ. ಒಂಬತ್ತನೇ ತರಗತಿಯ ಒಂದು ಅಂಕದ ಪ್ರಶ್ನೆಗೆ ಇದು ಒಳ್ಳೆಯ ಉದಾಹರಣೆಯೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನದು ಸುಲಭ. ಹಂಚಿನ ಮೇಲೆ ರೊಟ್ಟಿ ಉಬ್ಬುವುದು ಆವಿಯಿಂದ, ಅದು ಭೌತ. ಮೈಮೇಲೆ ಕಂದು ಚುಕ್ಕೆ ಏಳುವುದು ರಾಸಾಯನಿಕ. ಅದೇ ರೊಟ್ಟಿಯನ್ನು ಒಣಗಿಸಿ ಕಡಕ್ ಮಾಡುವಾಗ ಹೋಗುವುದು ನೀರು ಮಾತ್ರ, ಮತ್ತೆ ಭೌತ.

ಉಪ್ಪು ಕರಗುವುದರ ಬಗ್ಗೆಯೂ ಇಂಥದ್ದೇ ವಾದ ನಡೆಯುತ್ತದೆ. ಶಾಲೆಯಲ್ಲಿ ಭೌತ ಎಂದೇ ಬರೆಯಲಿ. ನೀರು ಆರಿದರೆ ಅದೇ ಉಪ್ಪು ಸಿಗುತ್ತದೆ, ಬೇರೆ ವಸ್ತು ಹುಟ್ಟಿಲ್ಲ.

ಮಕ್ಕಳನ್ನು ದಾರಿ ತಪ್ಪಿಸುವ ಇನ್ನೊಂದು ನಂಬಿಕೆ ಇದೆ. ಬಣ್ಣ ಬದಲಾದರೆ, ಗುಳ್ಳೆ ಬಂದರೆ, ಬಿಸಿಯಾದರೆ ಅಥವಾ ತಣ್ಣಗಾದರೆ ರಾಸಾಯನಿಕ ಅಂತ. ಇವೆಲ್ಲ ಸುಳಿವುಗಳು. ಅಷ್ಟರಿಂದಲೇ ತೀರ್ಪು ಕೊಡಬಾರದು. ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ, ಎಣ್ಣೆ ಕೆಂಪಗಾಗುತ್ತದೆ. ಬಣ್ಣ ಬದಲಾಯಿತು, ಆದರೆ ಆದದ್ದು ಭೌತ ಬದಲಾವಣೆ. ಆ ಕೆಂಪು ವಸ್ತು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ ಅಷ್ಟೆ. ಎಣ್ಣೆ ಜಾಸ್ತಿ ಕಾದಿದ್ದರೆ ಪುಡಿ ಕರ್ರಗಾಗಿ ಘಾಟು ಏಳುತ್ತದಲ್ಲ, ಅದು ರಾಸಾಯನಿಕ. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಬಂತು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬುದೇ ಅದರ ಹೆಗ್ಗಳಿಕೆ. ಕಣದಲ್ಲಿ ಒಣಗಿಸುವುದು ಮುಖ್ಯವಾಗಿ ನೀರು ಹೋಗುವ ಕೆಲಸ, ಭೌತ. ಆದರೆ ಬಿಸಿಲು, ಗಾಳಿ, ಸೆಕೆಯಲ್ಲಿ ಬಹಳ ದಿನ ಬಿಟ್ಟರೆ ಆ ಕೆಂಪು ವಸ್ತು ಆಕ್ಸಿಜನ್ ಜೊತೆ ಸೇರಿ ಒಡೆದುಹೋಗುತ್ತದೆ, ಕಾಯಿ ಬಿಳಿಚಿಕೊಳ್ಳುತ್ತದೆ. ಅದನ್ನು ನಿಧಾನ ಮಾಡಲಿಕ್ಕೇ ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್‌ಗಳು ಇರುವುದು.

ಗುಳ್ಳೆಯೂ ಹಾಗೇ. ಗೋಲಿ ಸೋಡಾ ಒಡೆದಾಗ ಬುಸ್ ಎನ್ನುವುದು ಮುಖ್ಯವಾಗಿ ಒತ್ತಡದಲ್ಲಿ ಕರಗಿದ್ದ ಅನಿಲ ಹೊರಬರುವುದು. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದಾಗ ಬರುವ ಗುಳ್ಳೆ ಹೊಸದಾಗಿ ಹುಟ್ಟಿದ ಅನಿಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮಿರ್ಚಿ ಭಜಿ ಕರಿಯುವಾಗ ಎಣ್ಣೆಯಲ್ಲಿ ಏಳುವ ಗುಳ್ಳೆಗಳಲ್ಲಿ ಹೆಚ್ಚಿನವು ಹಿಟ್ಟಿನಲ್ಲಿದ್ದ ನೀರಿನ ಆವಿ. ಸೋಡಾ ಹಾಕಿದ್ದರೆ ಅದರ ಅನಿಲವೂ ಸೇರಿರುತ್ತದೆ. ಒಂದೇ ಬಾಣಲೆಯಲ್ಲಿ ಎರಡೂ! ಗ್ಲೂಕೋಸ್ ಪುಡಿ ನಾಲಿಗೆಗೆ ತಣ್ಣಗೆ ಅನಿಸುವುದು ಕರಗುವಾಗ ಅದು ಶಾಖ ಎಳೆದುಕೊಳ್ಳುವುದರಿಂದ. ಅಲ್ಲೂ ಹೊಸ ವಸ್ತು ಇಲ್ಲ.

ಇನ್ನು ನಿಮ್ಮ ಪೇಡಾ. ಮಗಳು ಹೇಳಿದ್ದು ಸರಿ. ಮಾವನವರು ಹೇಳಿದ್ದೂ ಸರಿ. ಅವರಿಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ.

ಹಾಲಿನಲ್ಲಿ ನೂರಕ್ಕೆ 83ರಿಂದ 87 ಭಾಗ ನೀರೇ ಇರುತ್ತದೆ, ಎಮ್ಮೆ ಹಾಲಿನಲ್ಲಿ ಸ್ವಲ್ಪ ಕಡಿಮೆ, ಆಕಳ ಹಾಲಿನಲ್ಲಿ ಸ್ವಲ್ಪ ಜಾಸ್ತಿ. ಕಡಾಯಿಯಲ್ಲಿ ಕಾಯಿಸಿ ಖೋವಾ ಮಾಡುವುದರಲ್ಲಿ ದೊಡ್ಡ ಪಾಲು ಈ ನೀರನ್ನು ಹೊರಗೆ ಕಳಿಸುವುದು, ಅಂದರೆ ಭೌತ. ನೀರು ಇರುವ ತನಕ ಕಡಾಯಿಯೊಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಮುಗಿಯುತ್ತಾ ಬಂದ ಹಾಗೆ ಬಿಸಿ ಏರುತ್ತದೆ. ಆಗ ಹಾಲಿನ ಸಕ್ಕರೆಯೂ ಹಾಲಿನ ಪ್ರೋಟೀನೂ ಸೇರಿ ಕಂದು ಬಣ್ಣದ, ಘಮಘಮಿಸುವ ಹೊಸ ವಸ್ತುಗಳು ಹುಟ್ಟುತ್ತವೆ, ಒಂದಲ್ಲ, ನೂರಾರು. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ್ದರಿಂದ ಇದಕ್ಕೆ ಅವರದ್ದೇ ಹೆಸರು. ಅಂಗಡಿಯ ಸಕ್ಕರೆ ಈ ಕೂಟಕ್ಕೆ ನೇರವಾಗಿ ಸೇರುವುದಿಲ್ಲ. ಬಿಸಿ ಇನ್ನೂ ಏರಿದರೆ ಅದು ತನ್ನಷ್ಟಕ್ಕೆ ಕಂದಾಗುತ್ತದೆ, ಅದು ಬೇರೆ ಕ್ರಿಯೆ. ನಿಮ್ಮ ಮಾವನವರು ಉರಿ ಸಣ್ಣದು ಮಾಡಿ ಕೈಬಿಡದೆ ತಿರುವುತ್ತಾರಲ್ಲ, ಆ ಕೈಗುಣ ಅಂದರೆ ಈ ಕ್ರಿಯೆಗಳನ್ನು ಎಲ್ಲಿಯವರೆಗೆ ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು. ಕೊನೆಗೆ ಸಕ್ಕರೆ ಪುಡಿಯಲ್ಲಿ ಹೊರಳಿಸುವುದು ಭೌತ.

ಹೊರಗಿನಿಂದ ಏನೂ ಹಾಕಿಲ್ಲ, ಆದರೂ ರಾಸಾಯನಿಕ ಬದಲಾವಣೆ ಆಯಿತು. ರಾಸಾಯನಿಕ ಅಂದ ಕೂಡಲೇ ಕಲಬೆರಕೆ, ವಿಷ ಎಂದು ಕೇಳಿಸುವುದು ಸಹಜ, ಜನ ಅಷ್ಟು ಮೋಸ ನೋಡಿದ್ದಾರೆ. ಧಾರವಾಡದ ಆಪೂಸ್ ಮಾವು ಹುಲ್ಲಿನ ಅಡೆಯಲ್ಲಿ ತಾನಾಗಿ ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ, ಅದೂ ರಾಸಾಯನಿಕವೇ. ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ತಕರಾರು ಇರುವುದು ಅಲ್ಲಿ ಬಳಸಿದ ವಸ್ತುವಿನ ಬಗ್ಗೆ. ಮಾವನವರಿಗೆ ಒಂದು ಉಪಯೋಗದ ಮಾತೂ ಹೇಳಿ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಪೇಡಾ ಸುಮ್ನೆ ಗಟ್ಟಿಯಾಗಿದ್ದರೆ ನೀರು ಆರಿದೆ ಅಷ್ಟೆ. ಕಮಟು ವಾಸನೆ ಬಂದಿದ್ದರೆ ಅದರ ಕೊಬ್ಬು ಕೆಟ್ಟಿದೆ, ಅದು ರಾಸಾಯನಿಕ, ಅದನ್ನು ಮಾರಬಾರದು.

ಗುಣಗಳ ವಿಷಯ ಚಿಕ್ಕದು. ವಸ್ತುವನ್ನು ಬೇರೆ ವಸ್ತು ಮಾಡದೆಯೇ ತಿಳಿಯಬಹುದಾದದ್ದು ಭೌತ ಗುಣ: ಬಣ್ಣ, ವಾಸನೆ, ಗಡಸುತನ, ಸಾಂದ್ರತೆ, ಕರಗುವ ಬಿಸಿ. ಕಬ್ಬಿಣ 1538 ಡಿಗ್ರಿಗೆ ಕರಗುತ್ತದೆ, ಕರಗಿದ ಮೇಲೂ ಕಬ್ಬಿಣವೇ. ಬೇರೆ ವಸ್ತುವಾಗಲು ಬಿಟ್ಟರೆ ಮಾತ್ರ ಗೊತ್ತಾಗುವುದು ರಾಸಾಯನಿಕ ಗುಣ. ತುಕ್ಕು ಹಿಡಿಯುವುದು, ಉರಿಯುವುದು, ಆಮ್ಲದ ಜೊತೆ ಗುಳ್ಳೆ ಬಿಡುವುದು ಇದಕ್ಕೆ ಸೇರುತ್ತವೆ. ಹಾಗಾಗಿ ಗ್ಯಾಸಿನ ವಾಸನೆ ಭೌತ ಗುಣ, ಹತ್ತಿ ಉರಿಯುವುದು ರಾಸಾಯನಿಕ ಗುಣ. ಅಂದ ಹಾಗೆ ಆ ವಾಸನೆ ಗ್ಯಾಸಿನದ್ದೇ ಅಲ್ಲ. ಸೋರಿದರೆ ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಸ್ವಲ್ಪ ಬೆರೆಸಿರುತ್ತಾರೆ. ಸಿಲಿಂಡರ್‌ನೊಳಗೆ ದ್ರವವಾಗಿದ್ದದ್ದು ಹೊರಗೆ ಅನಿಲವಾಗಿ ಬರುವುದು ಭೌತ, ಬರ್ನರ್ ಮೇಲೆ ನೀಲಿ ಜ್ವಾಲೆಯಾಗುವುದು ರಾಸಾಯನಿಕ. ಕರ್ಪೂರವೂ ಹಾಗೇ. ಡಬ್ಬಿಯಲ್ಲಿ ಇಟ್ಟಲ್ಲೇ ಸವೆಯುವುದು ಒಂದು ಥರ, ಆರತಿಯಲ್ಲಿ ಉರಿಯುವುದು ಇನ್ನೊಂದು ಥರ.

ಮನೆಯಲ್ಲಿ ತೋರಿಸಲು ಸಕ್ಕರೆ ಸಾಕು. ಒಂದು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ತಟ್ಟೆಯಲ್ಲಿ ಬಿಸಿಲಿಗಿಡಿ. ನೊಣ ಬರುತ್ತದೆ, ತೆಳು ಬಟ್ಟೆ ಮುಚ್ಚಿ. ಕೆಲವು ದಿನದಲ್ಲಿ ಅಂಟಂಟಾಗಿ ಮತ್ತೆ ಸಕ್ಕರೆಯೇ ಉಳಿಯುತ್ತದೆ. ಇನ್ನೊಂದು ಚಮಚವನ್ನು ಸ್ಟೀಲ್ ಸೌಟಿನಲ್ಲಿ ಕಾಯಿಸಿ. ಮೊದಲು ಕರಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪು ಇದ್ದಿಲಾಗುತ್ತದೆ. ಅದಕ್ಕೆ ಎಷ್ಟು ನೀರು ಹಾಕಿದರೂ ಸಕ್ಕರೆ ಬರುವುದಿಲ್ಲ. ಸೌಟು ನಿಮ್ಮ ಕೈಯಲ್ಲೇ ಇರಲಿ. ಕರಗಿದ ಸಕ್ಕರೆ ಮೈಗೆ ಬಿದ್ದರೆ ಅಂಟಿಕೊಳ್ಳುತ್ತದೆ, ಕುದಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ನಿಂಬೆರಸ ಮತ್ತು ಸೋಡಾ ಪ್ರಯೋಗ ತೆರೆದ ಲೋಟದಲ್ಲಿ ಮಾಡಿದರೆ ಅಪಾಯವಿಲ್ಲ. ಬಾಟಲಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿದರೆ ಒಡೆಯಬಹುದು, ಮಕ್ಕಳು ಇದನ್ನು ಮಾಡಿಯೇ ಮಾಡುತ್ತಾರೆ, ಮೊದಲೇ ಹೇಳಿಡಿ.

ಸುಟ್ಟ ಸುಣ್ಣಕ್ಕೆ ನೀರು ಹಾಕಿ ತೋರಿಸುವ ಆಸೆ ಬೇಡ. ಸಿಡಿದ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಹಿಸುಕಿ ಮಕ್ಕಳು ಕಣ್ಣು ಕೆಡಿಸಿಕೊಂಡದ್ದೂ ಉಂಟು. ಅಕಸ್ಮಾತ್ ಬಿದ್ದರೆ ಉಜ್ಜಬಾರದು. ಕೂಡಲೇ ನಲ್ಲಿ ನೀರಿನಲ್ಲಿ ಬಹಳ ಹೊತ್ತು ಕಣ್ಣು ತೊಳೆದು ನೇರ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಉಳಿದದ್ದು ಅಂಕ. ಸುಮ್ಮನೆ ಬಿಟ್ಟುಬಿಡಬಹುದು. ಆದರೆ ಮಗಳು ತಪ್ಪು ನಿಯಮವನ್ನೇ ಹಿಡಿದುಕೊಂಡು ಹತ್ತನೇ ತರಗತಿಗೆ ಹೋಗುತ್ತಾಳೆ. ಅಲ್ಲಿ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು. ನೀವೇ ಹೋಗಿ ಮೂರಕ್ಕೂ ಅಂಕ ಕೇಳಬಹುದು. ಆಗ ಕಟ್ಟಿಗೆ, ಬ್ಯಾಟರಿ ವಿಷಯದಲ್ಲಿ ಟೀಚರ್ ಸರಿಯಾಗಿರುವುದರಿಂದ ಮಾತು ಅಲ್ಲೇ ಮುಗಿಯುತ್ತದೆ, ತರಗತಿಯಲ್ಲಿ ಮಗಳಿಗೂ ಮುಜುಗರ. ನಾನಾದರೆ ಮಗಳನ್ನೇ ಕಳಿಸುತ್ತೇನೆ. ಆ ಎರಡು ಉತ್ತರ ತನ್ನದು ತಪ್ಪು ಎಂದು ಮೊದಲೇ ಒಪ್ಪಿಕೊಳ್ಳಲಿ. ಆಮೇಲೆ ನೋಟ್ಸ್‌ನ ಆ ಸಾಲಿಗೆ "ಸಾಮಾನ್ಯವಾಗಿ" ಸೇರಿಸಬೇಕಲ್ವಾ ಎಂದು ಕೇಳಲಿ. ರೊಟ್ಟಿ ಹಿಟ್ಟಿನ ಪ್ರಶ್ನೆಗೆ ತನ್ನ ಕಾರಣವನ್ನು ಒಂದು ಚೀಟಿಯಲ್ಲಿ ಬರೆದು ಕೊಡಲಿ: "ಪಿಷ್ಟದ ಕಣ ನೀರು ಹೀರಿ ಉಬ್ಬುತ್ತದೆ, ಹೊಸ ವಸ್ತು ಆಗುವುದಿಲ್ಲ, ಆದ್ದರಿಂದ ಭೌತ. ಆದರೆ ಕಣ ಮೊದಲಿನ ಸ್ಥಿತಿಗೆ ಮರಳುವುದಿಲ್ಲ." ಮುಂದೆ ಪರೀಕ್ಷೆಯಲ್ಲೂ ಜಾಗ ಇದ್ದರೆ ಉತ್ತರದ ಪಕ್ಕ ಒಂದು ಸಾಲು ಕಾರಣ ಬರೆಯುವ ರೂಢಿ ಮಾಡಿಕೊಳ್ಳಲಿ. ಒಂದು ಅಂಕದ ಪ್ರಶ್ನೆಗೆ ಇದರಿಂದ ಸ್ವಲ್ಪ ಹೊತ್ತು ಹೋಗುತ್ತದೆ, ಹಾಗಾಗಿ ಅನುಮಾನ ಇರುವ ಪ್ರಶ್ನೆಗೆ ಮಾತ್ರ ಬರೆದರೆ ಸಾಕು.